ಜಿಎಸ್‌ಟಿಪಿ1 ಕೆಲಸ ಮಾಡುತ್ತಿಲ್ಲವೇ? ಮೊದಲು ಬ್ಲಾಂಕ್ ನೋಡಿ

ಕೊಣಾಜೆ, ದೇರಳಕಟ್ಟೆ, ಮಣಿಪಾಲ, ಎಲ್ಲಿಯ ಲ್ಯಾಬ್ ಆದರೂ ದೂರು ಹೆಚ್ಚಾಗಿ ಒಂದೇ ತರಹ ಇರುತ್ತದೆ. "ಎಂಜೈಮ್ ಹಾಕಿದೆವು, ರೀಡಿಂಗ್ ಏಳುತ್ತಿಲ್ಲ. ವಯಲ್ಲೇ ಹಾಳಾಗಿ ಬಂದಿದೆ ಅನ್ನಿಸುತ್ತೆ." ಹಾಳಾಗಿ ಬಂದಿರಲೂಬಹುದು. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ನೋಡಬೇಕಾದ್ದು ತುಂಬಾ ಇದೆ. ನೋಡಬೇಕಾದ ಕ್ರಮವೂ ಇದೆ. ಕ್ರಮ ತಪ್ಪಿದರೆ ಒಳ್ಳೆಯ ಎಂಜೈಮ್ ಅನ್ನು ಪರೀಕ್ಷೆ ಮಾಡಿ ಮಾಡಿಯೇ ಮುಗಿಸಿಬಿಡುತ್ತೇವೆ. ಸಣ್ಣ ವಯಲ್‌ಗೂ ದುಡ್ಡು ಸುಮಾರು ಆಗುತ್ತದೆ, ಇನ್ನೊಂದು ಬರಲು ವಾರಗಟ್ಟಲೆ ಕಾಯಬೇಕು. ಹಾಗಾಗಿ ಈ ಬರಹ.

ಇಲ್ಲಿ ಹೇಳುತ್ತಿರುವುದು ಗ್ಲುಟಥಯೋನ್ ಎಸ್-ಟ್ರಾನ್ಸ್‌ಫರೇಸ್ ಪಿ1 ಬಗ್ಗೆ. ಲ್ಯಾಬ್‌ನಲ್ಲಿ ಜಿಎಸ್‌ಟಿಪಿ1 ಅಂತ ಕರೆಯುವುದು. ಮನುಷ್ಯನ ಜೀನ್ ಅನ್ನು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಇಟ್ಟು ತಯಾರಿಸಿದ ಪ್ರೋಟೀನ್ ಇದು. ಸಂಶೋಧನೆಗೆ ಮಾತ್ರ, ಚಿಕಿತ್ಸೆಗೆ ಅಲ್ಲ. ದೇಹದೊಳಗೆ ಇದರ ಕೆಲಸ ವಿಷಕಾರಿ ರಾಸಾಯನಿಕಗಳಿಗೆ ಗ್ಲುಟಥಯೋನ್ ಅನ್ನುವ, ಗಂಧಕ ಇರುವ ಸಣ್ಣ ಅಣುವನ್ನು ಅಂಟಿಸುವುದು. ಹಾಗೆ ಅಂಟಿಸಿದ ಮೇಲೆ ಆ ವಸ್ತು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಜೀವಕೋಶ ಅದನ್ನು ಹೊರಗೆ ಹಾಕುತ್ತದೆ. ಈ ಪ್ರೋಟೀನ್‌ನ ಒಂದೊಂದು ಸರಪಳಿಯ ತೂಕ ಸುಮಾರು 23 ಕಿಲೋಡಾಲ್ಟನ್, ಎರಡು ಸರಪಳಿ ಸೇರಿ ಒಂದು ಜೋಡಿ. ಮೊದಲು ಇದನ್ನು ಮಾಸು ಚೀಲದಿಂದ, ಅಂದರೆ ಪ್ಲಾಸೆಂಟಾದಿಂದ ಶುದ್ಧ ಮಾಡುತ್ತಿದ್ದರು. ಕ್ಯಾನ್ಸರ್ ಕೋಶಗಳಲ್ಲಿ ಇದು ಜಾಸ್ತಿ ಇರುವುದು ಸಾಮಾನ್ಯ. ಕೆಲವು ಔಷಧಿಗಳು ಅಲ್ಲಿ ಕೆಲಸ ಮಾಡದೆ ಹೋಗುವುದಕ್ಕೂ ಇದಕ್ಕೂ ನಂಟಿದೆ. ಅದಕ್ಕೇ ಇದನ್ನು ತಡೆಯುವ ವಸ್ತು ಹುಡುಕುವ ಪ್ರಾಜೆಕ್ಟ್‌ಗಳು ಇಷ್ಟೊಂದು.

ಪರೀಕ್ಷೆ ಹಳೆಯದು, ಸರಳವಾದದ್ದು. 1974ರಲ್ಲಿ ಹಬಿಗ್, ಪ್ಯಾಬ್‌ಸ್ಟ್ ಮತ್ತು ಜಾಕೊಬಿ ಬರೆದ ವಿಧಾನ. 0.1 ಮೋಲಾರ್ ಪೊಟ್ಯಾಸಿಯಂ ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ), ಪಿಎಚ್ 6.5. ಅದರಲ್ಲಿ 1 ಮಿಲಿಮೋಲಾರ್ ಗ್ಲುಟಥಯೋನ್, 1 ಮಿಲಿಮೋಲಾರ್ ಸಿಡಿಎನ್‌ಬಿ, ಅಂದರೆ ಕ್ಲೋರೋಡೈನೈಟ್ರೋಬೆಂಜೀನ್ ಅನ್ನುವ ರಾಸಾಯನಿಕ. ಎಂಜೈಮ್ ಇವೆರಡನ್ನು ಜೋಡಿಸಿದಾಗ ಹಳದಿ ವಸ್ತು ಹುಟ್ಟುತ್ತದೆ. 340 ನ್ಯಾನೋಮೀಟರ್ ಬೆಳಕನ್ನು ಅದು ಹೀರುವುದು ನಿಮಿಷಕ್ಕೆ ಎಷ್ಟು ಏರುತ್ತದೆ ಅಂತ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆಯುತ್ತೇವೆ. ಎಂಜೈಮ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಾಕಿದ್ದೇ ಬ್ಲಾಂಕ್. ಮುಂದಿನ ಮಾತೆಲ್ಲ ಇದರ ಸುತ್ತಲೇ.

ಸಿಡಿಎನ್‌ಬಿ ಬಗ್ಗೆ ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇದು ಚರ್ಮಕ್ಕೆ ತಗಲಿದರೆ ಅಲರ್ಜಿ ಹುಟ್ಟಿಸುತ್ತದೆ. ಒಮ್ಮೆ ದೇಹ ಇದನ್ನು ಗುರುತು ಹಿಡಿದರೆ ಆಮೇಲೆ ತೀರಾ ಸ್ವಲ್ಪ ತಾಗಿದರೂ ಮೈ ಕೆಂಪಾಗಿ ಗುಳ್ಳೆ ಏಳುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಕೈ ಬೆವರುತ್ತದೆ, ಗ್ಲೌಸ್ ತೆಗೆದಿಟ್ಟು "ಐದೇ ನಿಮಿಷ" ಅಂತ ಕೆಲಸ ಮಾಡುವುದು ರೂಢಿ. ದಯವಿಟ್ಟು ಹಾಗೆ ಮಾಡಬೇಡಿ. ಗ್ಲೌಸ್ ಮೇಲೆ ಸಿಡಿಎನ್‌ಬಿ ಚೆಲ್ಲಿದರೆ ಒರೆಸಿಕೊಂಡು ಮುಂದುವರಿಯುವುದೂ ಬೇಡ. ಆಲ್ಕೋಹಾಲ್‌ನಲ್ಲಿ ಕರಗಿದ ವಸ್ತು ತೆಳು ಗ್ಲೌಸ್ ದಾಟಿ ಬರುತ್ತದೆ. ತಕ್ಷಣ ಬದಲಿಸಿ.

ಸರಿಯಾದ ರೀಡಿಂಗ್ ಹೇಗಿರಬೇಕು?

ಸರಿ ಇದ್ದಾಗ ಹೇಗಿರುತ್ತದೆ ಅಂತ ಗೊತ್ತಿಲ್ಲದೆ ಕೆಟ್ಟಿದೆ ಅಂತ ಹೇಳಲು ಆಗುವುದಿಲ್ಲ. ಶುದ್ಧವಾದ, ಆರೋಗ್ಯವಾಗಿರುವ ಜಿಎಸ್‌ಟಿಪಿ1 ಪ್ರತಿ ಮಿಲಿಗ್ರಾಂಗೆ ನಿಮಿಷಕ್ಕೆ 100 ಮೈಕ್ರೋಮೋಲ್ ಆಸುಪಾಸು ಕೆಲಸ ಮಾಡುತ್ತದೆ. ಹಳದಿ ವಸ್ತುವಿನ ಎಕ್ಸ್‌ಟಿಂಕ್ಷನ್ ಗುಣಾಂಕ, ಅಂದರೆ ಅದು ಬೆಳಕು ಹೀರುವ ಪ್ರಮಾಣ, 1 ಮಿಲಿಮೋಲಾರ್‌ಗೆ, 1 ಸೆಂಟಿಮೀಟರ್ ದಾರಿಗೆ 9.6.

ಒಂದು ಲೆಕ್ಕ ನೋಡಿ. 1 ಮಿಲಿಲೀಟರ್ ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ) 0.2 ಮೈಕ್ರೋಗ್ರಾಂ ಎಂಜೈಮ್ ಹಾಕಿದ್ದೀರಿ ಅಂದುಕೊಳ್ಳಿ. ನಿಮಿಷಕ್ಕೆ ಏರಿಕೆ 0.210 ಬಂತು. ಎಂಜೈಮ್ ಇಲ್ಲದ ಬ್ಲಾಂಕ್‌ನಲ್ಲಿ 0.018. ಕಳೆದರೆ 0.192. ಅದನ್ನು 9.6ರಿಂದ ಭಾಗಿಸಿದರೆ 0.020. ಅಂದರೆ ನಿಮಿಷಕ್ಕೆ 0.020 ಮೈಕ್ರೋಮೋಲ್. 0.0002 ಮಿಲಿಗ್ರಾಂನಿಂದ ಭಾಗಿಸಿದರೆ 100. ಚೆನ್ನಾಗಿದೆ.

ಇದೇ ಎಂಜೈಮ್ ಅನ್ನು 1 ಮೈಕ್ರೋಗ್ರಾಂ ಹಾಕಿದರೆ ನಿಮಿಷಕ್ಕೆ 1ರ ಹತ್ತಿರ ಏರುತ್ತದೆ. 5 ಮೈಕ್ರೋಗ್ರಾಂ ಹಾಕಿದರೆ ನೀವು ಮುಚ್ಚಳ ಹಾಕಿ ಬಟನ್ ಒತ್ತುವಷ್ಟರಲ್ಲಿ ಮೆಷಿನ್‌ನ ಮಿತಿ ದಾಟಿ ಗೆರೆ ಮೇಲೆ ಮಟ್ಟಸವಾಗಿ ಮಲಗಿರುತ್ತದೆ. ನೋಡುವವರಿಗೆ "ಏರಿಕೆಯೇ ಇಲ್ಲ" ಅಂತ ಕಾಣುತ್ತದೆ! ಹಾಗಾಗಿ ಏರಿಕೆ ಇಲ್ಲ ಅನ್ನುವವರನ್ನು ನಾನು ಮೊದಲು ಕೇಳುವುದು ಇದನ್ನೇ: ಗೆರೆ ಕೆಳಗೆ ಮಲಗಿದೆಯೋ, ಮೇಲೆ ಮಲಗಿದೆಯೋ? ಮೇಲೆ ಮಲಗಿದ್ದರೆ, ಕ್ಯುವೆಟ್ ಹೊರತೆಗೆದಾಗ ಕಣ್ಣಿಗೇ ಹಳದಿ ಕಂಡರೆ, ಎಂಜೈಮ್ ಅನ್ನು 50 ಪಟ್ಟು ತೆಳು ಮಾಡಿ ಮತ್ತೆ ನೋಡಿ. ಅಷ್ಟೇ.

ಬ್ಲಾಂಕ್ ಹೇಳುವ ಕಥೆ

ಹೆಚ್ಚಿನವರು ಬ್ಲಾಂಕ್ ಅನ್ನು ಸೊನ್ನೆ ಮಾಡಲು ಬಳಸುತ್ತಾರೆ. ಬಟನ್ ಒತ್ತಿ, ಸೊನ್ನೆ ಮಾಡಿ, ಮರೆತುಬಿಡುತ್ತಾರೆ. ಈ ಪರೀಕ್ಷೆಯಲ್ಲಿ ಅದು ದೊಡ್ಡ ನಷ್ಟ. ಯಾಕೆಂದರೆ ಗ್ಲುಟಥಯೋನ್ ಮತ್ತು ಸಿಡಿಎನ್‌ಬಿ ಎಂಜೈಮ್ ಇಲ್ಲದೆಯೂ ತಮ್ಮಷ್ಟಕ್ಕೆ ನಿಧಾನವಾಗಿ ಜೋಡಿಯಾಗುತ್ತವೆ. ಬ್ಲಾಂಕ್‌ನಲ್ಲಿ ಕಾಣುವ ಸಣ್ಣ ಏರಿಕೆ ಅದೇ. ಆ ಏರಿಕೆ ಗ್ಲುಟಥಯೋನ್, ಸಿಡಿಎನ್‌ಬಿ, ಪಿಎಚ್, ಉಷ್ಣತೆ, ಮೆಷಿನ್ ಇಷ್ಟರ ಸುದ್ದಿಯನ್ನೂ ಒಟ್ಟಿಗೆ ಹೇಳುತ್ತದೆ. ಎಂಜೈಮ್‌ನ ಒಂದು ಹನಿಯೂ ಖರ್ಚಾಗುವುದಿಲ್ಲ. ಬ್ಲಾಂಕ್ ಅನ್ನು ಬೇರೆ ಕ್ಯುವೆಟ್‌ನಲ್ಲಿ ಐದು ನಿಮಿಷ ಓಡಿಸಿ, ನಿಮಿಷಕ್ಕೆ ಎಷ್ಟು ಏರಿತು ಅಂತ ಪ್ರತಿ ಸಲ ಪುಸ್ತಕದಲ್ಲಿ ಬರೆದಿಡಿ. ಮೆಷಿನ್ ಸೊನ್ನೆ ಮಾಡುವುದು ಬರೀ ಬಫರ್‌ನಿಂದ.

ಬ್ಲಾಂಕ್ ಸುಮ್ನೆ ಮಲಗಿದೆ, ಏರಿಕೆಯೇ ಇಲ್ಲ, ಎಂಜೈಮ್ ಹಾಕಿದ ಕ್ಯುವೆಟ್ ಕೂಡ ಹಾಗೇ ಇದೆ ಅಂದರೆ ಎಂಜೈಮ್ ಮೇಲೆ ಅನುಮಾನ ಪಡಲು ಯಾವ ಕಾರಣವೂ ಇಲ್ಲ. ಗ್ಲುಟಥಯೋನ್ ಸತ್ತಿದೆ, ಇಲ್ಲವೇ ಸಿಡಿಎನ್‌ಬಿ ಒಳಗೆ ಹೋಗಿಲ್ಲ, ಇಲ್ಲವೇ ಪಿಎಚ್ ತುಂಬಾ ಕೆಳಗಿದೆ. ಇದನ್ನು ಬೇಗ ಗುರುತಿಸಲು ಒಂದು ಉಪಾಯ ಇದೆ. ಪಿಎಚ್ 8ರ ಫಾಸ್ಫೇಟ್ ಬಫರ್‌ನಲ್ಲಿ ಅದೇ ಗ್ಲುಟಥಯೋನ್, ಅದೇ ಸಿಡಿಎನ್‌ಬಿ ಹಾಕಿ ನೋಡಿ. ಎಂಜೈಮ್ ಬೇಡ. ಗ್ಲುಟಥಯೋನ್‌ನ ಗಂಧಕದ ಗುಂಪು ಪ್ರೋಟಾನ್ ಕಳೆದುಕೊಂಡಾಗ ಮಾತ್ರ ಚುರುಕಾಗುತ್ತದೆ. ಅದರ ಪಿಕೆಎ, ಅಂದರೆ ಅರ್ಧದಷ್ಟು ಗುಂಪು ಪ್ರೋಟಾನ್ ಕಳೆದುಕೊಂಡಿರುವ ಪಿಎಚ್, 9ರ ಹತ್ತಿರ. ಹಾಗಾಗಿ ಪಿಎಚ್ ಒಂದು ಅಂಕ ಏರಿದರೆ ಈ ತಂತಾನೇ ನಡೆಯುವ ಕ್ರಿಯೆ ಸುಮಾರು ಹತ್ತು ಪಟ್ಟು ಜೋರಾಗುತ್ತದೆ. ಪಿಎಚ್ 8ರಲ್ಲಿ ಏರಿಕೆ ಸ್ಪಷ್ಟವಾಗಿ ಕಂಡರೆ ಎರಡೂ ರಾಸಾಯನಿಕ ಚೆನ್ನಾಗಿವೆ, ನಿಮ್ಮ 6.5ರ ಬಫರ್ ನೋಡಿಕೊಳ್ಳಿ ಅಂತ ಅರ್ಥ. ಅಲ್ಲಿಯೂ ಏಳದಿದ್ದರೆ ರಾಸಾಯನಿಕಗಳೇ ಕೆಟ್ಟಿವೆ.

ಬ್ಲಾಂಕ್ ವಿಪರೀತ ಏರುತ್ತಿದ್ದರೆ? ಎಂಜೈಮ್ ಕೆಲಸ ಅದರಡಿ ಮುಚ್ಚಿಹೋಗುತ್ತದೆ. ಬಫರ್ ಪಿಎಚ್ 7.5ಕ್ಕೆ ಹೋಗಿರಬಹುದು. ಪಿಬಿಎಸ್ (ಉಪ್ಪು ಬೆರೆತ ಫಾಸ್ಫೇಟ್ ಬಫರ್) ಕೈಗೆ ಸಿಕ್ಕಿತು ಅಂತ ಅದನ್ನೇ ಬಳಸಿದವರೂ ಇರುತ್ತಾರೆ. ಅದರ ಪಿಎಚ್ 7.4. ಕೋಣೆ ಬಿಸಿ ಇರಬಹುದು. ಏಪ್ರಿಲ್‌ನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಮಧ್ಯಾಹ್ನ 33 ಡಿಗ್ರಿ ಇರುವಾಗ 25 ಡಿಗ್ರಿಯ ಲೆಕ್ಕ ಹಿಡಿದು ಕೂತರೆ ಆಗುವುದಿಲ್ಲ. ಇಲ್ಲವೇ ಎಂಜೈಮ್ ಬಫರ್‌ನಲ್ಲಿರುವ ಡಿಟಿಟಿ, ಅಂದರೆ ಪ್ರೋಟೀನ್ ಆಕ್ಸಿಡೀಕರಣವಾಗದಂತೆ ಕಾಯುವ ಡೈಥಯೋಥ್ರೈಟಾಲ್, ಸಿಡಿಎನ್‌ಬಿ ಜೊತೆ ಸೇರುತ್ತಿರಬಹುದು. ಅದೂ ಗಂಧಕದ ಗುಂಪಿರುವ ವಸ್ತುವೇ ತಾನೇ. ಹಾಗಾಗಿ ಬ್ಲಾಂಕ್‌ಗೆ ನೀರು ಹಾಕಬೇಡಿ. ಎಂಜೈಮ್ ಇಟ್ಟಿರುವ ಬಫರ್ ಏನಿದೆಯೋ ಅದನ್ನೇ, ಅಷ್ಟೇ ಪ್ರಮಾಣದಲ್ಲಿ ಹಾಕಿ.

ಬ್ಲಾಂಕ್ ಯಾವತ್ತಿನ ಹಾಗೆ ಸಣ್ಣಗೆ, ನೇರವಾಗಿ ಏರುತ್ತಿದೆ, ಎಂಜೈಮ್ ಇರುವ ಕ್ಯುವೆಟ್ ಅದರ ಜೊತೆಗೇ ಹೋಗುತ್ತಿದೆ ಅಂದಾಗ ಮಾತ್ರ ವಯಲ್ ಕಡೆ ತಿರುಗಿ.

ಗ್ಲುಟಥಯೋನ್, ನೀರು, ಬಫರ್

ನಾನು ಕಂಡಂತೆ ನಮ್ಮ ಕಡೆ ಹೆಚ್ಚು ಕೈಕೊಡುವುದು ಗ್ಲುಟಥಯೋನ್. ಪುಡಿಯಾಗಿದ್ದಾಗ ತಾಳಿಕೊಳ್ಳುತ್ತದೆ. ನೀರಿಗೆ ಹಾಕಿದ ಮೇಲೆ ಗಾಳಿಯ ಆಮ್ಲಜನಕದಿಂದ ಎರಡೆರಡು ಸೇರಿ ಜೋಡಿಯಾಗುತ್ತಾ ಹೋಗುತ್ತದೆ. ಆ ಜೋಡಿಯಿಂದ ಈ ಪರೀಕ್ಷೆಗೆ ಉಪಯೋಗ ಇಲ್ಲ. ನಿನ್ನೆ ಮಾಡಿಟ್ಟ ದ್ರಾವಣ ಇವತ್ತು ಬೇಡ. 100 ಮಿಲಿಮೋಲಾರ್ ಬೇಕಿದ್ದರೆ 30.7 ಮಿಲಿಗ್ರಾಂ ತೂಗಿ 1 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ಐಸ್ ಮೇಲಿಡಿ, ಆ ದಿನವೇ ಮುಗಿಸಿ.

ಪುಡಿಗೂ ನಮ್ಮ ಹವೆಯಲ್ಲಿ ಒಂದು ಕಾಟ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ತಕ್ಷಣ ತೆರೆದರೆ ತಣ್ಣನೆಯ ಪುಡಿಯ ಮೇಲೆ ಇಬ್ಬನಿ ಕೂರುತ್ತದೆ. ನಾಲ್ಕಾರು ಸಲ ಹೀಗಾದರೆ ಪುಡಿ ಗಂಟು ಕಟ್ಟುತ್ತದೆ. ಆಮೇಲೆ ನೀವು ತೂಗುವುದರಲ್ಲಿ ನೀರಿನ ಪಾಲೂ ಇರುತ್ತದೆ. ಬಾಟಲಿ ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ. ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಆ ಜೆಲ್ ಬಣ್ಣ ಬದಲಾಗಿ ಎಷ್ಟು ಕಾಲ ಆಯಿತು ಅಂತ ಒಮ್ಮೆ ನೋಡಿ.

ಅನುಮಾನ ಇದ್ದರೆ ಗಂಧಕದ ಗುಂಪಿನ ಜೊತೆ ಸೇರಿ ಹಳದಿಯಾಗುವ ಎಲ್‌ಮನ್ ರಿಯೇಜೆಂಟ್, ಅಂದರೆ ಡಿಟಿಎನ್‌ಬಿ ಬಳಸಿ ಅಳೆದುಬಿಡಿ. ಪಿಎಚ್ 8, 412 ನ್ಯಾನೋಮೀಟರ್, ಗುಣಾಂಕ 1 ಮೋಲಾರ್‌ಗೆ 14,150. ನಿಮ್ಮ ಗ್ಲುಟಥಯೋನ್ ಅನ್ನು 50 ಮೈಕ್ರೋಮೋಲಾರ್‌ಗೆ ತೆಳು ಮಾಡಿದರೆ 0.7ರ ಹತ್ತಿರ ಬರಬೇಕು. 0.4 ಬಂದರೆ ಉಳಿದದ್ದು ಎಲ್ಲಿ ಹೋಯಿತು ಅಂತ ಬೇರೆ ಹೇಳಬೇಕಿಲ್ಲ.

ನೀರಿನ ಮಾತು. ತಾಮ್ರ, ಕಬ್ಬಿಣದ ಅಂಶ ಚೂರು ಇದ್ದರೂ ಗ್ಲುಟಥಯೋನ್ ಬೇಗ ಕೆಡುತ್ತದೆ. ಮಂಗಳೂರಿಗೆ ನೀರು ತುಂಬೆಯಿಂದ, ನೇತ್ರಾವತಿಯದ್ದು. ಉಡುಪಿಗೆ ಬಜೆಯಿಂದ, ಸ್ವರ್ಣೆಯದ್ದು. ಬೇಸಿಗೆಯ ಕೊನೆಗೆ ಹೊಳೆ ಇಳಿದಾಗ ಕ್ಯಾಂಪಸ್‌ಗೆ ಟ್ಯಾಂಕರ್ ನೀರೋ ಬೋರ್‌ವೆಲ್ ನೀರೋ ಬರುತ್ತದೆ. ಲವಣ ಜಾಸ್ತಿ ಇರುವ ನೀರು ಬಂದರೆ ಆ ಲವಣ ತೆಗೆಯುವ ಡಿಐ ಕಾರ್ಟ್ರಿಜ್ ಬೇಗ ಸೋಲುತ್ತದೆ. ಯಂತ್ರದ ಪರದೆಯಲ್ಲಿ 18.2 ಮೆಗಓಮ್, ಅಂದರೆ ಶುದ್ಧ ನೀರಿನ ಅಂಕಿ, ತೋರಿಸುತ್ತಿದೆಯೇ ಅಂತ ನೋಡುವ ಅಭ್ಯಾಸ ಮೇ ತಿಂಗಳಲ್ಲಿ ತುಂಬಾ ಮುಖ್ಯ. ಬಫರ್‌ಗೆ ಲೋಹ ಹಿಡಿದಿಡುವ ಇಡಿಟಿಎ 1 ಮಿಲಿಮೋಲಾರ್ ಹಾಕಿದರೆ ಲೋಹದ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ಫಾಸ್ಫೇಟ್ ಬಫರ್ ಅನ್ನು ಮೇಜಿನ ಮೇಲೆ ವಾರಗಟ್ಟಲೆ ಇಟ್ಟರೆ ನಮ್ಮ ಸೆಕೆಗೆ ಅದರಲ್ಲಿ ಬೂಸ್ಟು ಬರುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ಸ್ವಲ್ಪ ತಿರುಗಿಸಿ. ತಳದಿಂದ ಹತ್ತಿಯಂಥದ್ದು ಎದ್ದರೆ ಚೆಲ್ಲಿ. ಹೊಸದು ಮಾಡಿ 0.22 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ ಫ್ರಿಜ್‌ನಲ್ಲಿಡಿ. 6.5 ಬರಲು ಮೂರು ಪಾಲಿನಲ್ಲಿ ಮೊನೊಬೇಸಿಕ್ ಫಾಸ್ಫೇಟ್ ಎರಡು ಪಾಲು, ಡೈಬೇಸಿಕ್ ಫಾಸ್ಫೇಟ್ ಒಂದು ಪಾಲು ಹತ್ತಿರ ಹತ್ತಿರ ಬೇಕು. ಅಳತೆ ಇದಕ್ಕಿಂತ ತುಂಬಾ ಬೇರೆ ಬಂದರೆ ಪಿಎಚ್ ಮೀಟರ್ ಮೇಲೆ ಸಂಶಯ ಪಡಿ. ಪ್ರೋಬ್ ಒಣಗಿ ನಿಂತಿರುವುದು ಅಪರೂಪವೇನಲ್ಲ.

ಇನ್ನೊಂದು ಸಣ್ಣ ವಿಷಯ. ಗ್ಲುಟಥಯೋನ್ ಸ್ಟಾಕ್ ಹುಳಿ ಇರುತ್ತದೆ, ಪಿಎಚ್ 3ರ ಸುತ್ತ. 0.1 ಮೋಲಾರ್ ಬಫರ್ 1 ಮಿಲಿಮೋಲಾರ್ ಅನ್ನು ತಡೆದುಕೊಳ್ಳುತ್ತದೆ. ಕೈನೆಟಿಕ್ಸ್ (ಎಂಜೈಮ್ ವೇಗದ ಅಳತೆ) ಮಾಡುವಾಗ ಗ್ಲುಟಥಯೋನ್ ಅನ್ನು 10 ಮಿಲಿಮೋಲಾರ್‌ವರೆಗೆ ಏರಿಸುತ್ತಾರಲ್ವಾ, ಆಗ ಪಿಎಚ್ ಜಾರುತ್ತದೆ. ಗ್ರಾಫ್ ಮೇಲೆ ಹೋಗಬೇಕಾದಲ್ಲಿ ಬಾಗುತ್ತದೆ. ಅಂಥ ಕೆಲಸಕ್ಕೆ ಸ್ಟಾಕ್ ಅನ್ನೇ ಮೊದಲು 6.5ಕ್ಕೆ ತಂದುಕೊಳ್ಳಿ.

ಸಿಡಿಎನ್‌ಬಿ ಮತ್ತು ಮಂಜು

ಸಿಡಿಎನ್‌ಬಿ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. 20.3 ಮಿಲಿಗ್ರಾಂ ಅನ್ನು 1 ಮಿಲಿಲೀಟರ್ ಎಥನಾಲ್‌ನಲ್ಲಿ ಕರಗಿಸಿದರೆ 100 ಮಿಲಿಮೋಲಾರ್ ಸ್ಟಾಕ್. ಕ್ಯುವೆಟ್‌ಗೆ 10 ಮೈಕ್ರೋಲೀಟರ್ ಸಾಕು. ಫ್ರೀಜರ್‌ನಲ್ಲಿಟ್ಟ ಸ್ಟಾಕ್‌ನ ತಳದಲ್ಲಿ ಹರಳು ಕೂತಿದ್ದರೆ ಕೋಣೆಯ ಉಷ್ಣತೆಗೆ ತಂದು ಪೂರ್ತಿ ಕರಗಿಸಿ. ಮೇಲಿನ ದ್ರಾವಣ ಮಾತ್ರ ಹೀರಿಕೊಂಡರೆ ಅರ್ಧದಷ್ಟೂ ಹೋಗಿರುವುದಿಲ್ಲ. ಮುಚ್ಚಳ ತೆರೆದಿಟ್ಟರೆ ಇದಕ್ಕೆ ಉಲ್ಟಾ ಆಗುತ್ತದೆ. ಎಥನಾಲ್ ಆರಿ ಸ್ಟಾಕ್ ಗಟ್ಟಿಯಾಗುತ್ತದೆ.

ಫ್ರಿಜ್‌ನಿಂದ ತೆಗೆದ ತಣ್ಣನೆಯ ಬಫರ್‌ಗೆ ಸಿಡಿಎನ್‌ಬಿ ಹಾಕಿದರೆ ಹಾಲು ಬೆರೆಸಿದ ಹಾಗೆ ಮಸುಕಾಗುತ್ತದೆ. ರೀಡಿಂಗ್ ಒಮ್ಮೆಲೇ ಮೇಲಿಂದ ಶುರುವಾಗಿ ಆಮೇಲೆ ಇಳಿಯುತ್ತದೆ. ಕ್ಯುವೆಟ್ ಹೊರಮೈ ಮೇಲೂ ಇದೇ ಸಮಸ್ಯೆ. ತಣ್ಣಗಿನ ಕ್ಯುವೆಟ್, ಹೊರಗೆ ಕರಾವಳಿಯ ಗಾಳಿ. ಒರೆಸಿ ಇಟ್ಟ ಮೇಲೂ ಮಂಜು ಹಿಡಿಯುತ್ತದೆ. ಅದು ಆರುತ್ತಾ ಬಂದಾಗ ರೀಡಿಂಗ್ ಕೆಳಗೆ ಜಾರುತ್ತದೆ. ಈ ಪರೀಕ್ಷೆಯಲ್ಲಿ ಗೆರೆ ಇಳಿಯಲು ರಾಸಾಯನಿಕ ಕಾರಣವೇ ಇಲ್ಲ. ಇಳಿದರೆ ಮಂಜು, ಗುಳ್ಳೆ, ಇಲ್ಲವೇ ಮಸುಕು. ಬಫರ್ ಅನ್ನು 25 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಟ್ಟು ಬಳಸಿ. ಎಂಜೈಮ್ ಮಾತ್ರ ಐಸ್ ಮೇಲಿರಲಿ.

ಮೆಷಿನ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲವು ಸ್ಪೆಕ್ಟ್ರೋಫೋಟೋಮೀಟರ್‌ಗಳಲ್ಲಿ 340ರ ಆಸುಪಾಸಿನಲ್ಲೇ ಒಂದು ದೀಪದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಡ್ಯುಟೀರಿಯಂ ದೀಪ ಹಳತಾಗಿದ್ದರೆ ಗೆರೆ ಒರಟಾಗಿ ಕುಣಿಯುತ್ತದೆ. ಎನ್‌ಎಡಿಎಚ್ (340ರಲ್ಲಿ ಬೆಳಕು ಹೀರುವ ಇನ್ನೊಂದು ರಾಸಾಯನಿಕ) ಇದ್ದರೆ ಅದರಿಂದಲೇ ಪರೀಕ್ಷಿಸಬಹುದು. 340ರಲ್ಲಿ ಅದರ ಗುಣಾಂಕ 1 ಮೋಲಾರ್‌ಗೆ 6,220. ತಾಜಾ ಮಾಡಿದ 0.1 ಮಿಲಿಮೋಲಾರ್ ದ್ರಾವಣ 0.62 ತೋರಿಸಬೇಕು.

96 ಗುಳಿಯ ಪ್ಲೇಟ್ ಬಳಸುವವರು ಎಡವುವುದು ಬೇರೆ ಕಡೆ. 200 ಮೈಕ್ರೋಲೀಟರ್ ಹಾಕಿದರೆ ಬೆಳಕು ಹಾಯುವ ದಾರಿ ಅರ್ಧ ಸೆಂಟಿಮೀಟರ್‌ಗಿಂತ ತುಸು ಹೆಚ್ಚು, 1 ಸೆಂಟಿಮೀಟರ್ ಅಲ್ಲ. 9.6 ಅನ್ನು ಹಾಗೇ ಹಾಕಿದರೆ ಎಂಜೈಮ್ ಅರ್ಧ ಸತ್ತಿದೆ ಅಂತ ಲೆಕ್ಕ ಬರುತ್ತದೆ. ರೀಡರ್‌ಗೆ 977 ಮತ್ತು 900 ನ್ಯಾನೋಮೀಟರ್ ಓದಲು ಆಗುತ್ತದೆ ಅಂದರೆ ಅವೆರಡರ ವ್ಯತ್ಯಾಸವನ್ನು 0.18ರಿಂದ ಭಾಗಿಸಿ. ಅದೇ ದಾರಿಯ ಉದ್ದ.

ಯೂನಿಟ್ ಕೂಡ ಓದಿಕೊಳ್ಳಿ. ಕೆಲವರು ನಿಮಿಷಕ್ಕೆ 1 ಮೈಕ್ರೋಮೋಲ್ ಅನ್ನು ಒಂದು ಯೂನಿಟ್ ಅನ್ನುತ್ತಾರೆ, ಕೆಲವರು 1 ನ್ಯಾನೋಮೋಲ್ ಅನ್ನು. ಸಾವಿರ ಪಟ್ಟು ವ್ಯತ್ಯಾಸ. ವಯಲ್ ಜೊತೆ ಬರುವ ಹಾಳೆಯಲ್ಲಿ ಪಿಎಚ್ ಎಷ್ಟು, ಉಷ್ಣತೆ ಎಷ್ಟು ಅಂತಲೂ ಇರುತ್ತದೆ. ಅವರ ಅಂಕಿಯ ಜೊತೆ ಹೋಲಿಸಬೇಕಿದ್ದರೆ ಅವರ ಪಿಎಚ್, ಅವರ ಉಷ್ಣತೆಯಲ್ಲೇ ಅಳೆಯಬೇಕು.

ಈಗ ಎಂಜೈಮ್

ಮೇಲಿನದೆಲ್ಲ ಸರಿ ಇದೆ, ಆದರೂ ಏರಿಕೆ ಕಡಿಮೆ. ಈಗ ವಯಲ್ ಕೈಗೆತ್ತಿಕೊಳ್ಳಿ.

ಮೊದಲು ಹೆಸರು ನೋಡಿ. ಗ್ಲುಟಥಯೋನ್ ಟ್ರಾನ್ಸ್‌ಫರೇಸ್‌ಗಳ ಕುಟುಂಬ ದೊಡ್ಡದು. ಜಿಎಸ್‌ಟಿಟಿ1 ಅನ್ನುವ ಸದಸ್ಯ ಸಿಡಿಎನ್‌ಬಿಯನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಅದನ್ನು ತರಿಸಿ ಈ ಪರೀಕ್ಷೆ ಮಾಡಿದರೆ ಎಷ್ಟು ಹಾಕಿದರೂ ಅಷ್ಟೇ. ಇನ್ನೊಂದು ಅಪಾಯ ಟ್ಯಾಗ್‌ನದ್ದು, ಅಂದರೆ ಪ್ರೋಟೀನ್‌ಗೆ ಅಂಟಿಸಿರುವ ಹೆಚ್ಚುವರಿ ತುಂಡಿನದ್ದು. ಪ್ರೋಟೀನ್ ಶುದ್ಧ ಮಾಡಲು ಬಳಸುವ ಜಿಎಸ್‌ಟಿ ಟ್ಯಾಗ್ ಇದೆಯಲ್ಲ, ಅದು ಒಂದು ಪರಾವಲಂಬಿ ಹುಳದ ಟ್ರಾನ್ಸ್‌ಫರೇಸ್, ಸುಮಾರು 26 ಕಿಲೋಡಾಲ್ಟನ್. ಅದಕ್ಕೂ ಸಿಡಿಎನ್‌ಬಿ ಮೇಲೆ ಕೆಲಸ ಗೊತ್ತು. ನಿಮ್ಮ ವಯಲ್‌ನಲ್ಲಿ ಆ ಟ್ಯಾಗ್ ಇದ್ದರೆ ಬರುತ್ತಿರುವ ರೀಡಿಂಗ್ ಮನುಷ್ಯನ ಎಂಜೈಮ್‌ದೋ ಹುಳದ್ದೋ ಹೇಳಲಾಗದು. ಈ ಕೆಲಸಕ್ಕೆ ಹಿಸ್ಟಿಡಿನ್ ಟ್ಯಾಗ್ ಇರುವುದನ್ನೋ ಟ್ಯಾಗ್ ಇಲ್ಲದ್ದನ್ನೋ ತರಿಸಿ.

ಆಮೇಲೆ ಅದು ಬಂದ ದಾರಿ. ಬೆಂಗಳೂರಿಂದ ಪಾರ್ಸೆಲ್ ಶಿರಾಡಿ ಘಾಟಿ ಇಳಿದು ಬರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದರೆ ಡ್ರೈ ಐಸ್ ದಾರಿಯಲ್ಲೇ ಆವಿಯಾಗಿರುತ್ತದೆ. ಪೆಟ್ಟಿಗೆ ತೆರೆದ ಕೂಡಲೇ ಡ್ರೈ ಐಸ್ ಉಳಿದಿದೆಯೇ ಅಂತ ಫೋಟೋ ತೆಗೆದಿಡಿ. ಆಮೇಲೆ ಕೇಳಿದರೆ ಹೇಳಲು ಆಧಾರ ಇರುತ್ತದೆ. ಡ್ರೈ ಐಸ್ ಇದ್ದರೂ ಒಂದು ಎಚ್ಚರಿಕೆ ಬೇಕು. ಮುಚ್ಚಳ ಸಡಿಲ ಇದ್ದರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಸೇರಿ, ಕರಗಿದಾಗ ಪಿಎಚ್ ಇಳಿಸುತ್ತದೆ. ಪೆಟ್ಟಿಗೆಯಿಂದ ತೆಗೆದು ನೇರ ಕರಗಿಸಬೇಡಿ. ಒಂದು ರಾತ್ರಿ ಮೈನಸ್ 80ರಲ್ಲಿ ಇಟ್ಟು ಆ ಅನಿಲ ಹೋಗಲು ಬಿಡಿ.

ಫ್ರೀಜರ್ ಕಥೆಯೂ ಇದೆ. ಗುಡುಗು ಸಿಡಿಲಿನ ಮಳೆಗೆ ರಾತ್ರಿ ಕರೆಂಟ್ ಹೋಗಿ, ಬೆಳಿಗ್ಗೆ ನಾವು ಬರುವಷ್ಟರಲ್ಲಿ ಬಂದಿರುತ್ತದೆ. ಪರದೆ ಮೇಲೆ ಎಲ್ಲ ಸರಿ ಕಾಣುತ್ತದೆ. ಒಂದು ಸಣ್ಣ ಕಪ್‌ನಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯ ಇಟ್ಟು ಫ್ರೀಜರ್‌ನಲ್ಲಿಡಿ. ನಾಣ್ಯ ಮುಳುಗಿದ್ದರೆ ಒಳಗೆ ಐಸ್ ಕರಗಿತ್ತು ಅಂತ ಲೆಕ್ಕ. ನಾಣ್ಯ ಮೇಲೇ ಇದ್ದರೆ ಸೊನ್ನೆಯ ಮೇಲೆ ಹೋಗಿಲ್ಲ ಅಂತಷ್ಟೇ ಅರ್ಥ. ತಾನಾಗಿ ಮಂಜು ಕರಗಿಸುವ ಮನೆ ಬಳಕೆಯ ಫ್ರಿಜ್ಜಿನಲ್ಲಿ ಎಂಜೈಮ್ ಇಡಲೇಬೇಡಿ. ಅದು ಆಗಾಗ ಬಿಸಿಯಾಗುವ ಹಾಗೇ ಮಾಡಿದ್ದು. ಬಂದ ದಿನವೇ ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ. ಒಂದು ಟ್ಯೂಬ್ ಕರಗಿದ ಮೇಲೆ ಮತ್ತೆ ಫ್ರೀಜರ್‌ಗೆ ಹೋಗಬಾರದು.

ಜಿಎಸ್‌ಟಿಪಿ1ಕ್ಕೆ ಮಾತ್ರ ಇರುವ ಒಂದು ದೌರ್ಬಲ್ಯವನ್ನು ಇಲ್ಲಿ ಹೇಳಲೇಬೇಕು. ಇದರ ಸರಪಳಿಯಲ್ಲಿ 47ನೇ ಮತ್ತು 101ನೇ ಜಾಗದ ಸಿಸ್ಟೀನ್‌ಗಳು (ಗಂಧಕ ಇರುವ ಅಮೈನೋ ಆಮ್ಲಗಳು) ತುಂಬಾ ಚುರುಕು. ಗಾಳಿ ತಾಗಿದರೆ, ಪೆರಾಕ್ಸೈಡ್ ತಾಗಿದರೆ, ಇವೆರಡೂ ಪರಸ್ಪರ ಗಂಧಕದ ಕೊಂಡಿ ಹಾಕಿಕೊಳ್ಳುತ್ತವೆ. ಆಗ ಗ್ಲುಟಥಯೋನ್ ಬಂದು ಕೂರುವ ಜಾಗ ಕೆಡುತ್ತದೆ, ಕೆಲಸ ನಿಲ್ಲುತ್ತದೆ. ಸಂತೋಷದ ವಿಷಯ ಏನೆಂದರೆ ಈ ಕೊಂಡಿಯನ್ನು ಬಿಡಿಸಬಹುದು. ಸ್ವಲ್ಪ ಎಂಜೈಮ್ ತೆಗೆದುಕೊಂಡು 10 ಮಿಲಿಮೋಲಾರ್ ಡಿಟಿಟಿ ಸೇರಿಸಿ ಅರ್ಧ ಗಂಟೆ ಇಡಿ. ಆಮೇಲೆ ಸಾವಿರ ಪಟ್ಟು ತೆಳು ಮಾಡಿ ಪರೀಕ್ಷಿಸಿ. ಅಷ್ಟು ತೆಳುವಾದ ಮೇಲೆ ಡಿಟಿಟಿ ಬ್ಲಾಂಕ್‌ಗೆ ತೊಂದರೆ ಕೊಡುವುದಿಲ್ಲ. ರೀಡಿಂಗ್ ಮತ್ತೆ ಎದ್ದು ಬಂದರೆ ಎಂಜೈಮ್ ಸತ್ತಿರಲಿಲ್ಲ, ಆಕ್ಸಿಡೀಕರಣವಾಗಿತ್ತು ಅಷ್ಟೇ. ಮುಂದೆ ಇಡುವ ಬಫರ್‌ನಲ್ಲಿ ತಾಜಾ ಡಿಟಿಟಿ 1 ಮಿಲಿಮೋಲಾರ್, ಇಡಿಟಿಎ, ಗ್ಲಿಸರಾಲ್ ಇರಲಿ. ಈ ಪರೀಕ್ಷೆ ಮಾಡದೆ ಯಾವ ಜಿಎಸ್‌ಟಿಪಿ1 ವಯಲ್ ಅನ್ನೂ ಚೆಲ್ಲಬೇಡಿ ಅಂತ ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿದರೂ ಇದು ಕಾಣುತ್ತದೆ. ಒಂದೇ ಎಂಜೈಮ್ ಅನ್ನು ಡಿಟಿಟಿ ಹಾಕಿ ಒಂದು ಲೇನ್, ಹಾಕದೆ ಒಂದು ಲೇನ್. ಡಿಟಿಟಿ ಇರುವಲ್ಲಿ 23 ಕಿಲೋಡಾಲ್ಟನ್ ಹತ್ತಿರ ಒಂದೇ ಪಟ್ಟಿ, ಟ್ಯಾಗ್ ಇದ್ದರೆ ತುಸು ಮೇಲೆ. ಡಿಟಿಟಿ ಇಲ್ಲದ ಲೇನ್‌ನಲ್ಲಿ ಅದಕ್ಕಿಂತ ಸ್ವಲ್ಪ ಕೆಳಗೆ ಓಡಿದ ಪಟ್ಟಿ ಇದ್ದರೆ ಒಳಗೊಳಗೇ ಕೊಂಡಿ ಬಿದ್ದಿದೆ ಅಂತ. 46ರ ಹತ್ತಿರ ಪಟ್ಟಿ ಇದ್ದರೆ ಸರಪಳಿಗಳ ನಡುವೆ ಬಿದ್ದಿದೆ. ಎರಡೂ ಲೇನ್‌ಗಳಲ್ಲಿ ಚೂರುಚೂರಾಗಿ ಕೆಳಗೆ ಹರಡಿದ್ದರೆ ಪ್ರೋಟೀನ್ ತುಂಡಾಗಿದೆ. ಅದಕ್ಕೆ ಮದ್ದಿಲ್ಲ.

ತೆಳು ಮಾಡುವಾಗ ಆಗುವ ನಷ್ಟವನ್ನು ಬಹಳ ಜನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಿಲಿಲೀಟರ್‌ಗೆ ಕೆಲವು ಮೈಕ್ರೋಗ್ರಾಂ ಮಟ್ಟಕ್ಕೆ ಇಳಿಸಿದ ಎಂಜೈಮ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನಕ್ಕೆ ಅರ್ಧ ಆಯಿತು ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ತೆಳು ಮಾಡುವ ಬಫರ್‌ಗೆ ಮಿಲಿಲೀಟರ್‌ಗೆ 0.1 ಮಿಲಿಗ್ರಾಂ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ ನೋಡಿ. 1 ಮೈಕ್ರೋಲೀಟರ್ ಪಿಪೆಟ್ ಮಾಡಿ ಸಾವಿರ ಪಟ್ಟು ಒಮ್ಮೆಲೇ ಇಳಿಸುವುದೂ ಬೇಡ. ಗ್ಲಿಸರಾಲ್ ಇರುವ ಎಂಜೈಮ್ ಟಿಪ್‌ಗೆ ಅಂಟಿ ನಿಲ್ಲುತ್ತದೆ. ಹಂತ ಹಂತವಾಗಿ ಇಳಿಸಿ, ನಿಧಾನವಾಗಿ ಹೀರಿ.

ಗೆರೆ ಬಾಗಿದರೆ

ಶುರುವಿನಲ್ಲಿ ಚೆನ್ನಾಗಿ ಏರಿ ಆಮೇಲೆ ಬಾಗಿದರೆ ಸಿಡಿಎನ್‌ಬಿ ಮುಗಿಯಿತು ಅನ್ನುವುದು ಮೊದಲ ಊಹೆ. ಲೆಕ್ಕ ಹಾಕಿ. 1 ಮಿಲಿಮೋಲಾರ್ ಪೂರ್ತಿ ಬದಲಾದರೆ 9.6 ಬರಬೇಕು. 0.96 ಏರಿದಾಗ ಮುಗಿದಿರುವುದು ಹತ್ತರಲ್ಲಿ ಒಂದು ಪಾಲು ಮಾತ್ರ. 0.3ರಲ್ಲೇ ಬಾಗುತ್ತಿದ್ದರೆ ಕಾರಣ ಬೇರೆ. ಎಂಜೈಮ್ ಕ್ಯುವೆಟ್‌ನಲ್ಲೇ ಸಾಯುತ್ತಿದೆಯೇ ಅಂತ ತಿಳಿಯಲು 1965ರಲ್ಲಿ ಸೆಲ್ವಿನ್ ಹೇಳಿದ ಪರೀಕ್ಷೆ ಇವತ್ತಿಗೂ ಒಳ್ಳೆಯದು. ಮೂರು ಬೇರೆ ಬೇರೆ ಪ್ರಮಾಣದ ಎಂಜೈಮ್ ಹಾಕಿ ಓಡಿಸಿ. ಅಡ್ಡ ಗೆರೆಯಲ್ಲಿ ಸಮಯದ ಬದಲು ಸಮಯ ಗುಣಿಸು ಎಂಜೈಮ್ ಪ್ರಮಾಣ ಹಾಕಿ. ಮೂರೂ ಗೆರೆ ಒಂದರ ಮೇಲೊಂದು ಕೂತರೆ ಎಂಜೈಮ್ ಗಟ್ಟಿಯಾಗಿದೆ, ಹುಟ್ಟಿದ ವಸ್ತುವೇ ತಡೆಯುತ್ತಿರಬಹುದು. ಬೇರೆ ಬೇರೆ ಹೋದರೆ ನಡುದಾರಿಯಲ್ಲಿ ಸಾಯುತ್ತಿದೆ. ಬ್ಲಾಂಕ್ ಏರಿಕೆಯನ್ನು ಮೊದಲೇ ಕಳೆದಿರಬೇಕು, ಮರೆಯಬೇಡಿ.

ಪುನರ್ಪುಳಿ ಹಾಕಿದಾಗ

ನಮ್ಮ ಕಡೆ ಗಿಡಮೂಲಿಕೆಯ ಸಾರ ಹಾಕಿ ಎಂಜೈಮ್ ತಡೆಯುತ್ತದೆಯೇ ಅಂತ ನೋಡುವ ಪ್ರಾಜೆಕ್ಟ್ ಜಾಸ್ತಿ. ಪುನರ್ಪುಳಿ (ಕೋಕಂ), ನೆಲನೆಲ್ಲಿ, ಅಮೃತಬಳ್ಳಿ. ಇಲ್ಲಿ ದೋಷ ಉಲ್ಟಾ ಕಾಣುತ್ತದೆ. ಎಂಜೈಮ್ ಚೆನ್ನಾಗಿದೆ, ಸಾರ ಹಾಕಿದ ಕೂಡಲೇ ನಿಂತಿತು, "ಒಳ್ಳೆಯ ಇನ್‌ಹಿಬಿಟರ್ ಸಿಕ್ಕಿತು" ಅಂತ ಖುಷಿ. ಆ ಖುಷಿ ನಿಜ ಆಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಪ್ರಬಂಧ ಬರೆಯುವ ಮೊದಲು ಪರೀಕ್ಷಿಸಿಕೊಳ್ಳಿ.

ಪುನರ್ಪುಳಿ ಸಾರ ಹುಳಿ. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅದರಲ್ಲಿ ಧಾರಾಳವಾಗಿದೆ. ಸಾರ ಜಾಸ್ತಿ ಹಾಕಿದರೆ ಕ್ಯುವೆಟ್‌ನ ಪಿಎಚ್ 6.5ರಿಂದ ಕೆಳಗೆ ಬೀಳುತ್ತದೆ, ಎಂಜೈಮ್ ನಿಧಾನವಾಗುತ್ತದೆ. ಬ್ಲಾಂಕ್ ಇಲ್ಲೂ ಸತ್ಯ ಹೇಳುತ್ತದೆ. ಎಂಜೈಮ್ ಇಲ್ಲದೆ ಸಾರ ಮಾತ್ರ ಹಾಕಿ ಓಡಿಸಿ. ಬ್ಲಾಂಕ್ ಏರಿಕೆಯೂ ಕಡಿಮೆಯಾಗಿದ್ದರೆ ಸಾರ ಎಂಜೈಮ್ ಅನ್ನು ತಡೆಯುತ್ತಿದೆ ಅಂತ ಇನ್ನೂ ಹೇಳುವಂತಿಲ್ಲ. ಒಂದೋ ಪಿಎಚ್ ಇಳಿದಿದೆ, ಇಲ್ಲವೇ ಗ್ಲುಟಥಯೋನ್ ಖರ್ಚಾಗುತ್ತಿದೆ. ಸಾರದಲ್ಲಿರುವ ಪಾಲಿಫಿನಾಲ್‌ಗಳು ಗಾಳಿಯಲ್ಲಿ ಕ್ವಿನೋನ್ ಆಗುತ್ತವೆ. ಆ ಕ್ವಿನೋನ್ ಗ್ಲುಟಥಯೋನ್ ಅನ್ನೂ ತಿನ್ನುತ್ತದೆ, 47ನೇ ಸಿಸ್ಟೀನ್ ಅನ್ನೂ ಹಿಡಿಯುತ್ತದೆ. ಸಾರವನ್ನು 6.5ಕ್ಕೆ ತಂದು, ತಾಜಾ ಇರುವಾಗಲೇ ಮತ್ತೆ ಹಾಕಿ ನೋಡಿ.

ಬಣ್ಣದ್ದು ಇನ್ನೊಂದು ತೊಂದರೆ. ಸಾರ ತಾನೇ 340ರಲ್ಲಿ ಬೆಳಕು ಹೀರುತ್ತದೆ. ಶುರುವಿನ ರೀಡಿಂಗ್ 2ರ ಮೇಲಿದ್ದರೆ ಮೆಷಿನ್ ಕೊಡುವ ಏರಿಕೆಯನ್ನು ನಂಬಬೇಡಿ. ಟ್ಯಾನಿನ್ ಇರುವ ಸಾರ ಪ್ರೋಟೀನ್ ಅನ್ನು ಸುಮ್ಮನೆ ಗಂಟು ಕಟ್ಟಿಸಿ ಕೆಳಗೆ ಕೂರಿಸುತ್ತದೆ. ಅದನ್ನು ಗುರುತಿಸಲು 0.01 ಶೇಕಡಾ ಟ್ರೈಟನ್ ಎಕ್ಸ್-100 ಅನ್ನುವ ಡಿಟರ್ಜೆಂಟ್ ಹಾಕಿ, ಬಿಎಸ್‌ಎ ಹಾಕಿ ಬೇರೆ ಬೇರೆ ಓಡಿಸಿ. ತಡೆ ಮಾಯವಾದರೆ ಅದು ಗಂಟು ಕಟ್ಟಿದ್ದರ ಫಲ. ಹೋಲಿಸಿ ನೋಡಲು ಎಥಕ್ರಿನಿಕ್ ಆಮ್ಲ ಇಟ್ಟುಕೊಳ್ಳಿ. ಜಿಎಸ್‌ಟಿಪಿ1 ಅನ್ನು ಅದು ತಡೆಯುತ್ತದೆ ಅಂತ ಚೆನ್ನಾಗಿ ಗೊತ್ತಿರುವ ವಸ್ತು. ಅದು ತಡೆಯದಿದ್ದರೆ ನಿಮ್ಮ ಪರೀಕ್ಷೆಯಲ್ಲೇ ಏನೋ ಕೆಟ್ಟಿದೆ.

ಇಷ್ಟೆಲ್ಲ ಆದ ಮೇಲೂ ವಯಲ್ ಎದ್ದು ಬರಲಿಲ್ಲ ಅಂದರೆ ಮಾರಿದವರಿಗೆ ಬರೆಯಿರಿ. "ಕೆಲಸ ಮಾಡುತ್ತಿಲ್ಲ" ಅಂತ ಒಂದು ಸಾಲು ಬರೆದರೆ ಪತ್ರ ಓಡಾಡುತ್ತಲೇ ಇರುತ್ತದೆ. ಲಾಟ್ ನಂಬರ್, ಪೆಟ್ಟಿಗೆ ತೆರೆದ ದಿನದ ಫೋಟೋ, ಬ್ಲಾಂಕ್ ಮತ್ತು ಎಂಜೈಮ್ ಎರಡರ ಗೆರೆ, ಡಿಟಿಎನ್‌ಬಿ ಅಂಕಿ, ಡಿಟಿಟಿ ಹಾಕುವ ಮೊದಲಿನ ಮತ್ತು ಹಾಕಿದ ನಂತರದ ರೀಡಿಂಗ್, ಎರಡು ಲೇನ್‌ನ ಜೆಲ್ ಚಿತ್ರ. ಇಷ್ಟನ್ನೂ ಮೊದಲ ಪತ್ರದಲ್ಲೇ ಕಳಿಸಿ. ಬದಲಿ ವಯಲ್ ಮಳೆಗಾಲದಲ್ಲಿ ಬರುವುದಾದರೆ ಶುಕ್ರವಾರ ಕಳಿಸಬೇಡಿ, ವಾರದ ಶುರುವಿಗೆ ಕಳಿಸಿ, ಡ್ರೈ ಐಸ್ ಜಾಸ್ತಿ ಹಾಕಿ ಅಂತ ಅದೇ ಪತ್ರದಲ್ಲಿ ಸೇರಿಸಿ.